ಅರಿಶಿನ ಹತ್ತಿದ ಹದಿನೆಂಟು ಇಲಿಗಳು

ಹದಿನೆಂಟು ಬಿಳಿ ಇಲಿಗಳ ವಿಷಯದಲ್ಲಿ ನಾನು ಅಕ್ಕನಿಗೆ ಒಂದು ಮಾತು ಹೇಳಬೇಕಾಗಿತ್ತು. ಹೇಳಲಿಲ್ಲ. ಒಂದು ದಿನ ಅಲ್ಲ, ಒಂದು ವಾರ ಅಲ್ಲ, ನಾಲ್ಕು ವರ್ಷ ಹೇಳಲಿಲ್ಲ. ಅಷ್ಟೇನೂ ಉದ್ದದ ಮಾತಲ್ಲ ಅದು. ಎಲೆಗೆ ಸುಣ್ಣ ಹಚ್ಚಿ ಬಾಯಿಗೆ ಹಾಕಿಕೊಳ್ಳುವಷ್ಟರಲ್ಲಿ ಹೇಳಿ ಮುಗಿಸಬಹುದಾಗಿತ್ತು. ಆದರೆ ನಾನು ಬಾಯಿ ಬಿಡಲಿಲ್ಲ, ಅಕ್ಕ ತನ್ನ ಮಡಕೆಯನ್ನು ಬೋರಲು ಹಾಕಿಬಿಟ್ಟಳು.

ನಮ್ಮ ಊರು ಯಲಹಂಕ ದಾಟಿ ರಾಜಾನುಕುಂಟೆಗೆ ಹೋಗುವ ದಾರಿಯಲ್ಲಿತ್ತು. ನಾನು ಓದಿದ್ದು ಮೂರನೇ ಕ್ಲಾಸು. ನಾಲ್ಕಕ್ಕೂ ಒಂದು ತಿಂಗಳು ಹೋಗಿದ್ದೆ, ಅಲ್ಲಿ ಭಾಗಾಕಾರ ಕಾದಿತ್ತು, ಅದನ್ನು ನೋಡಿ ವಾಪಸ್ ಬಂದೆ. ಆಮೇಲೆ ಹೊಲ, ದನ, ಕೆರೆ ಏರಿ. ಅರವತ್ತರ ದಶಕ ಆಗತಾನೆ ಶುರುವಾಗಿದ್ದಾಗ, ನನಗೆ ಇಪ್ಪತ್ತನಾಲ್ಕು ವರ್ಷವಿದ್ದಾಗ, ಹೆಬ್ಬಾಳದ ಕಡೆ ಮದ್ದು ಪರೀಕ್ಷೆ ಮಾಡುವ ಒಂದು ಲ್ಯಾಬಿನಲ್ಲಿ ಅಟೆಂಡರ್ ಕೆಲಸ ಸಿಕ್ಕಿತು. ಕೆಲಸ ಇಷ್ಟೆ: ಇಲಿಗಳ ಗೂಡು ತೊಳೆಯುವುದು, ಮರದ ಹೊಟ್ಟು ಹಾಸುವುದು, ಗೋಧಿಹಿಟ್ಟು ಕಡಲೆಹಿಟ್ಟು ಕಲಸಿ ಉಂಡೆ ಕಟ್ಟಿ ತಿನ್ನಿಸುವುದು, ಡಾಕ್ಟ್ರು ಮದ್ದು ಹಾಕುವಾಗ ಇಲಿಯನ್ನು ಗಟ್ಟಿಯಾಗಿ ಹಿಡಿದುಕೊಳ್ಳುವುದು.

ಊರಿನಲ್ಲಿ ಇದನ್ನು ಹೇಳುವುದೇ ಕಷ್ಟವಾಗಿತ್ತು.

"ಏನ್ಲಾ, ಬೆಂಗ್ಳೂರಲ್ಲಿ ಸರ್ಕಾರಿ ಕೆಲ್ಸವಂತೆ?"

"ಊಂ. ಇಲಿ ನೋಡ್ಕೊಳ್ಳೋದು."

"ನಮ್ಮ ಕಣಜದಾಗೂ ಅವೆ, ಬಾ, ನೋಡ್ಕೊ."

ನನಗೆ ಹೆಣ್ಣು ನೋಡಲು ಹೊರಟಾಗ ಅಕ್ಕ ಒಂದು ಉಪಾಯ ಮಾಡಿದಳು. ಹುಡುಗ ಏನು ಮಾಡುತ್ತಾನೆಂದು ಕೇಳಿದವರಿಗೆಲ್ಲ "ಡಾಕ್ಟ್ರ ಜೊತೆ ಅವ್ನೆ" ಎಂದಳು. ಸುಳ್ಳೇನಲ್ಲ. ಡಾಕ್ಟ್ರೂ ಇಲಿಯ ಒಂದು ತುದಿ ಹಿಡಿಯುತ್ತಿದ್ದರು, ನಾನೂ ಇನ್ನೊಂದು ತುದಿ ಹಿಡಿಯುತ್ತಿದ್ದೆ.

ಅಕ್ಕ ನನಗಿಂತ ಹದಿನಾಲ್ಕು ವರ್ಷ ದೊಡ್ಡವಳು. ಮದುವೆಯಾದ ಎರಡನೇ ವರ್ಷಕ್ಕೇ ಗಂಡನನ್ನು ಕಳೆದುಕೊಂಡು ತವರಿಗೆ ಬಂದಳು. ಅದೇ ವರ್ಷ ಅವ್ವ ಹೋದಳು. ಆಗಿನಿಂದ ನನಗೆ ಅಕ್ಕನೇ ಎಲ್ಲ. ಅವ್ವ ಅವಳಿಗೆ ಬಿಟ್ಟುಹೋದದ್ದು ಎರಡು: ನಾನು, ಮತ್ತೆ ಒಂದು ಕಷಾಯ. ಎರಡರಲ್ಲಿ ಊರಿಗೆ ಉಪಯೋಗಕ್ಕೆ ಬಂದದ್ದು ಕಷಾಯ. ಕಾಲುವೆ ಬದಿಯ ಬೇಲಿಯಲ್ಲಿ ಬೆಳೆಯುವ ಲಕ್ಕಿ ಸೊಪ್ಪು, ಒಣಶುಂಠಿ, ಮೆಣಸು, ಇನ್ನೊಂದು ಬೇರು. ಎಲ್ಲವನ್ನೂ ಕುಟ್ಟಿ ಮಣ್ಣಿನ ಮಡಕೆಯಲ್ಲಿ ಹಾಕಿ ಎಂಟು ಪಾವು ನೀರು ಒಂದು ಪಾವಿಗೆ ಇಳಿಯುವವರೆಗೆ ಕಾಯಿಸುತ್ತಿದ್ದಳು. ಮಂಡಿ ಊದಿಕೊಂಡವರು, ಕೀಲು ಹಿಡಿದವರು ಭಾನುವಾರ ಬೆಳಿಗ್ಗೆ ನಮ್ಮ ಜಗಲಿಗೆ ಬಂದು ಕೂರುತ್ತಿದ್ದರು. ಅಕ್ಕ ಒಬ್ಬೊಬ್ಬರ ಮಂಡಿಯನ್ನೂ ಹಲಸಿನ ಹಣ್ಣು ತಟ್ಟುವ ಹಾಗೆ ತಟ್ಟಿ ನೋಡಿ ಲೋಟ ಕೈಗೆ ಕೊಡುತ್ತಿದ್ದಳು. ಕುಡಿದವರ ಮುಖ ಮೊದಲು ಮುದುಡುತ್ತಿತ್ತು, ಆಮೇಲೆ ಕಾಲು ಬಿಡುತ್ತಿತ್ತು ಎಂದು ಊರಿನಲ್ಲಿ ಹೇಳುತ್ತಿದ್ದರು.

ಮೂಲೆ ಮನೆಯ ಅಜ್ಜಿಯಂತೂ ಒಂದು ಭಾನುವಾರವೂ ತಪ್ಪಿಸುತ್ತಿರಲಿಲ್ಲ. "ನಿಮ್ಮಕ್ಕ ಇರೋಗಂಟ ನಾನು ನಡೀತೀನಿ ಕಣ್ಲಾ" ಎನ್ನುತ್ತಿದ್ದಳು.

ಲ್ಯಾಬಿಗೆ ಸೇರಿ ಒಂದು ವರ್ಷವಾಗುವ ಹೊತ್ತಿಗೆ ನನಗೆ ಸ್ವಲ್ಪ ಕೊಬ್ಬು ಬಂದಿತ್ತು. ನಮ್ಮ ಡಾಕ್ಟ್ರು ಸಮಾಧಾನದ ಮನುಷ್ಯ, ಕನ್ನಡಕ ಹಣೆಯ ಮೇಲಿಟ್ಟುಕೊಂಡು ಮನೆಯಿಡೀ ಕನ್ನಡಕ ಹುಡುಕುವಂಥವರು. ಜನ ಮನೆಯಲ್ಲಿ ಮಾಡಿಕೊಳ್ಳುವ ಗಿಡಮೂಲಿಕೆಗಳನ್ನೂ ಅಂಗಡಿಯಲ್ಲಿ ಸಿಗುವ ಮಾತ್ರೆಗಳನ್ನೂ ಅಕ್ಕಪಕ್ಕ ಇಟ್ಟು ಇಲಿಗಳ ಮೇಲೆ ನೋಡುವುದು ಅವರ ಕೆಲಸ. "ಹೋಲಿಸಿ ನೋಡದೆ ಇರೋ ಮದ್ದು, ಜಾತಕ ನೋಡದೆ ಇರೋ ಗಂಡು ಇದ್ದ ಹಾಗೆ ಕಣಪ್ಪ, ಒಳ್ಳೇದೂ ಇರಬಹುದು" ಎನ್ನುತ್ತಿದ್ದರು. ನಾನು ಅದನ್ನು ಮನೆಗೆ ತಂದು ಅಕ್ಕನ ಮೇಲೆ ಬಿಟ್ಟೆ.

"ನಿನ್ ಕಷಾಯ ಪರೀಕ್ಷೆ ಆಗಿಲ್ಲ ಕಣಕ್ಕ."

"ಯಾಕೆ, ಇಷ್ಟು ಜನ ಕುಡುದವ್ರಲ್ಲ?"

"ಜನ ಲೆಕ್ಕಕ್ಕಿಲ್ಲ. ಇಲಿ ಕುಡೀಬೇಕು."

ಅಕ್ಕ ಒಲೆ ಊದುವ ಕೊಳವೆ ಕೆಳಗಿಟ್ಟು ನನ್ನನ್ನೇ ನೋಡಿದಳು. "ಇಲಿಗೆ ಮಂಡಿ ನೋವು ಬತ್ತದೇನ್ಲಾ?"

"ಬರಲ್ಲ. ನಾವೇ ಬರಿಸ್ತೀವಿ."

"ಅಯ್ಯೋ ಪಾಪಿ" ಎಂದಳು ಅಕ್ಕ. ಆದರೆ ಆ ಮಾತು ಅವಳ ತಲೆಯಲ್ಲಿ ಕುಳಿತುಬಿಟ್ಟಿತು. ನಾನು ದಿನಾ ಚುಚ್ಚುತ್ತಲೂ ಇದ್ದೆ. "ನಮ್ ಲ್ಯಾಬಲ್ಲಿ ಆದ್ರೆ ಇಂಗಲ್ಲ" ಎಂಬುದು ನನ್ನ ಊಟದ ಉಪ್ಪಿನಕಾಯಿಯಾಗಿತ್ತು. ಕೊನೆಗೆ ಒಂದು ಭಾನುವಾರ, ಜಗಲಿ ತುಂಬ ಜನ ಕೂತಿದ್ದಾಗ, ಎಲ್ಲರ ಮುಂದೆ ಹೇಳಿಬಿಟ್ಟಳು.

"ಆಯ್ತು, ಕುಡಿಸ್ಲಾ ನಿನ್ ಇಲಿಗೆ. ಇಡೀತು ಅಂದ್ರೆ ಇನ್ನೊಂದ್ ದಪ ಬಾಯಿ ಬಿಡಬ್ಯಾಡ. ಇಡೀಲಿಲ್ಲ ಅಂದ್ರೆ ಈ ಮಡಕೆ ಬೋರ್ಲು ಆಕ್ತೀನಿ. ಎಲ್ರೂ ಕೇಳಿಸ್ಕೊಳ್ಳಿ."

ಮೂಲೆ ಮನೆ ಅಜ್ಜಿ ಗಾಬರಿಯಾದಳು. "ಅಂಗೆಲ್ಲ ಅನ್ನಬ್ಯಾಡ ಕಣೆ. ಇಲಿ ಬುದ್ಧಿ ಯಾರ್ಗ್ ಗೊತ್ತು?"

ಡಾಕ್ಟ್ರಿಗೆ ಹೇಳಿದೆ. ಅವರು ಖುಷಿಯಾಗಿ "ಕರಕೊಂಡ್ ಬಾ" ಎಂದರು. ಅಕ್ಕ ಹಬ್ಬದ ಸೀರೆ ಉಟ್ಟು, ಬಾಯಿಗೆ ಬಟ್ಟೆ ಕಟ್ಟಿದ ಹಿತ್ತಾಳೆ ಚೊಂಬನ್ನು ಮಡಿಲಲ್ಲಿಟ್ಟುಕೊಂಡು, ಬಸ್ಸಿನಲ್ಲಿ ಹೆಬ್ಬಾಳಕ್ಕೆ ಬಂದಳು. ಇಲಿಮನೆಯ ಬಾಗಿಲಲ್ಲಿ ಚಪ್ಪಲಿ ಬಿಟ್ಟಳು. ಸಾಲು ಸಾಲು ಗೂಡುಗಳಲ್ಲಿ ಬಿಳಿ ಇಲಿಗಳು ಕೆಂಪು ಕಣ್ಣು ಬಿಟ್ಟುಕೊಂಡು ಅವಳನ್ನು ನೋಡಿದವು.

"ಇಷ್ಟ್ ಬೆಳ್ಳಗವೆ! ಬಿಸಿಲೇ ಕಂಡಿಲ್ವಾ ಇವು?" ಎಂದಳು. ಆಮೇಲೆ ಉಂಡೆಗಳನ್ನು ನೋಡಿದಳು. "ಗೋದಿ, ಕಡ್ಲೆ! ನಮ್ ಇಲಿಗೆ ದೊಣ್ಣೆ, ನಿಮ್ ಇಲಿಗೆ ಬೀಗರೂಟ!"

ಡಾಕ್ಟ್ರು ನಕ್ಕು, ಅವಳಿಗೆ ಕುರ್ಚಿ ಹಾಕಿಸಿದರು. "ಅಮ್ಮ, ನಿಮ್ಮ ಕಷಾಯ ಕುಡಿದು ಎಷ್ಟು ಹೊತ್ತಿಗೆ ಊತ ಇಳಿಯುತ್ತೆ?"

"ಒತ್ತೇನ್ ಬಂತು ಸ್ವಾಮಿ, ವಾರ ಆಗ್ಬೇಕು. ನಿಮ್ ಮಾತ್ರೆ ಆಳು ಇದ್ದಂಗೆ, ಕರೆದ ತಕ್ಷಣ ಬತ್ತದೆ. ನನ್ ಕಷಾಯ ನೆಂಟ್ರು ಇದ್ದಂಗೆ, ದಿನಾ ಕರೀಬೇಕು, ಆಮ್ಯಾಕ್ ಬಂದು ಕೂತ್ಕತದೆ."

ಡಾಕ್ಟ್ರು ಆ ಮಾತನ್ನು ಹಾಗೆಯೇ ಪುಸ್ತಕದಲ್ಲಿ ಬರೆದುಕೊಂಡದ್ದನ್ನು ನಾನು ನೋಡಿದೆ. ಅಕ್ಕನೂ ನೋಡಿದಳು. ಬಸ್ಸಿನಲ್ಲಿ ವಾಪಸ್ ಬರುವಾಗ ಯಲಹಂಕದವರೆಗೆ ಮಾತೇ ಆಡಲಿಲ್ಲ, ಅಷ್ಟು ಜಂಬ.

ಪರೀಕ್ಷೆ ಹೀಗಿತ್ತು. ಆರು ಗೂಡು, ಒಂದೊಂದರಲ್ಲಿ ಮೂರು ಇಲಿ, ಒಟ್ಟು ಹದಿನೆಂಟು. ಹತ್ತು ದಿನ ಮದ್ದು ಹಾಕುವುದು, ಹನ್ನೊಂದನೇ ದಿನ ಕಾಲು ಊದಿಸಿ ನೋಡುವುದು. ಪ್ರತಿ ಗೂಡಿನಲ್ಲೂ ಒಂದು ಇಲಿಗೆ ಬರೀ ಗೋಂದಿನ ನೀರು, ಒಂದಕ್ಕೆ ಗೋಂದಿನ ನೀರಿನಲ್ಲಿ ಅರೆದ ಆಸ್ಪಿರಿನ್, ಒಂದಕ್ಕೆ ಅಕ್ಕನ ಕಷಾಯ. ಕಿಟಕಿ ಪಕ್ಕದ ಗೂಡಿಗೆ ಗಾಳಿ ಜಾಸ್ತಿ, ಗೋಡೆ ಪಕ್ಕದ್ದಕ್ಕೆ ಕಡಿಮೆ, ಯಾರಿಗೂ ಅನ್ಯಾಯವಾಗಬಾರದೆಂದು ಮೂವರೂ ಒಂದೇ ಗೂಡಿನಲ್ಲಿರಬೇಕು ಎಂದರು ಡಾಕ್ಟ್ರು. ಗುರುತಿಗೆ ಒಂದು ಸೀಸೆಯಲ್ಲಿ ಹಳದಿ ಬಣ್ಣ ಇತ್ತು. ನೀರಿನ ಇಲಿಗೆ ತಲೆ ಮೇಲೆ ಹಳದಿ, ಆಸ್ಪಿರಿನ್ನಿಗೆ ಬೆನ್ನ ಮೇಲೆ, ಅಕ್ಕನದಕ್ಕೆ ಬಾಲದ ಬುಡದಲ್ಲಿ. ಅಕ್ಷರದ ಚೀಟಿಗಿಂತ ನನಗೆ ಇದೇ ವಾಸಿಯಾಗಿತ್ತು.

ಅಕ್ಕ ಎರಡು ದಿನಕ್ಕೊಮ್ಮೆ ಹೊಸದಾಗಿ ಕಾಯಿಸಿ ಕೊಡುತ್ತಿದ್ದಳು. ನಾನು ಚೊಂಬನ್ನು ಸೈಕಲ್ ಹ್ಯಾಂಡಲಿಗೆ ನೇತುಹಾಕಿಕೊಂಡು ಹೋಗುತ್ತಿದ್ದೆ. ಸಂಜೆ ಮನೆಗೆ ಬಂದ ತಕ್ಷಣ ವಿಚಾರಣೆ.

"ಕುಡುದ್ವಾ?"

"ಕುಡೀತವೆ ಅಂತೀಯಾ? ಮೊಂಡು ಸೂಜಿ ಬಾಯಿಗಿಟ್ಟು ಒಟ್ಟೆಗೇ ಬಿಡ್ತೀವಿ."

"ಮುಖ ಮುದುಡ್ತವಾ?"

"ಮುದುಡ್ತವೆ."

"ಅಂಗಾದ್ರೆ ಕೆಲ್ಸ ಮಾಡ್ತದೆ" ಎಂದು ಸಮಾಧಾನಪಟ್ಟುಕೊಳ್ಳುತ್ತಿದ್ದಳು.

ಒಂಬತ್ತನೇ ದಿನ ಆಯುಧಪೂಜೆ ಬಿತ್ತು, ಹತ್ತನೇ ದಿನ ವಿಜಯದಶಮಿ. ಡಾಕ್ಟ್ರು ಅವರ ಊರಿಗೆ ಹೊರಟರು. ಹೊರಡುವ ಮುಂಚೆ ನನ್ನ ಹೆಗಲ ಮೇಲೆ ಕೈಯಿಟ್ಟು, "ಎರಡು ದಿನ ಮದ್ದು ನೀನೇ ಹಾಕಬೇಕಪ್ಪ. ನಿನ್ನ ಕೈ ಸೂಕ್ಷ್ಮ, ನನಗೆ ನಂಬಿಕೆ ಇದೆ" ಎಂದರು. ಆಗ ನನ್ನ ಕೆಲಸ ಇನ್ನೂ ಖಾಯಂ ಆಗಿರಲಿಲ್ಲ. ಆ ಮಾತು ಕೇಳಿ ನನಗೆ ಅರ್ಧ ಖಾಯಂ ಆದಷ್ಟು ಸಂತೋಷವಾಯಿತು.

ಹಬ್ಬದ ಬೆಳಿಗ್ಗೆ ಅಕ್ಕ ಚೊಂಬಿನ ಜೊತೆಗೆ ಒಂದು ಪೊಟ್ಟಣವನ್ನೂ ಕೊಟ್ಟಳು. ಅರಿಶಿನ. ಅಂಗಡಿಯದಲ್ಲ, ನಮ್ಮ ಹಿತ್ತಲಿನಲ್ಲಿ ಬೆಳೆದು, ಬೇಯಿಸಿ, ಒಣಗಿಸಿ, ಅವಳೇ ಕುಟ್ಟಿ ಜರಡಿ ಹಿಡಿದದ್ದು.

"ತಕ್ಕಡಿ, ಸೂಜಿ ಎಲ್ಲಕ್ಕೂ ಪೂಜೆ ಮಾಡು. ಇಲಿಗಳ್ಗೂ ಮಾಡು. ನನ್ ಮರ್ಯಾದೆ ಒತ್ಕೊಂಡು ತಿರುಗ್ತಾ ಅವೆ. ಅರಿಶ್ಣದ್ ನೀರು ಚೆನ್ನಾಗ್ ಚಿಮುಕ್ಸು, ಜುಗ್ಗತನ ಮಾಡಬ್ಯಾಡ."

ಲ್ಯಾಬಿನಲ್ಲಿ ನಾನೊಬ್ಬನೇ. ಮೊದಲು ಕೆಲಸ ಎಂದುಕೊಂಡು ಹದಿನೆಂಟಕ್ಕೂ ಅವುಗಳ ಗುರುತು ನೋಡಿ ಮದ್ದು ಹಾಕಿದೆ, ಒಂದು ಹನಿ ಹೆಚ್ಚುಕಮ್ಮಿ ಇಲ್ಲ. ಆಮೇಲೆ ತಕ್ಕಡಿಗೆ ಕುಂಕುಮ, ಸಿರಿಂಜಿಗೆ ಕುಂಕುಮ, ಡಾಕ್ಟ್ರ ಕುರ್ಚಿಗೆ ಹೂವು. ಸೈಕಲ್ಲಿಗೆ ಬಾಳೆಕಂದು ಕಟ್ಟಿದೆ. ಬೂದುಗುಂಬಳ ಒಡೆದೆ. ಕೊನೆಗೆ ಇಲಿಗಳ ಸರದಿ. ತಂಬಿಗೆಯಲ್ಲಿ ಅರಿಶಿನ ಕದಡಿ, ಮಾವಿನ ಸೊಪ್ಪು ಅದ್ದಿ ಅದ್ದಿ, ಆರು ಗೂಡಿನ ತಂತಿಬಲೆಯ ಮೇಲೆ ಕೈಬಿಚ್ಚಿ ಚಿಮುಕಿಸಿದೆ. ಜುಗ್ಗತನ ಮಾಡಲಿಲ್ಲ. ಗೂಡಿಗೆ ಎರಡು ಕಾಳು ಕಡ್ಲೆಪುರಿಯನ್ನೂ ಪ್ರಸಾದವಾಗಿ ಹಾಕಿದೆ. ನೀರು ಬಿದ್ದ ಇಲಿಗಳು ಚಳಿಗೆ ಒಂದರ ಮೇಲೊಂದು ಹತ್ತಿ ಮುದ್ದೆಯಾಗಿ ಕೂತವು. ಚೆಂದ ಕಾಣುತ್ತಿವೆ ಎಂದುಕೊಂಡು ಗೋಡೆಗೊರಗಿ ನಾನೂ ಕಡ್ಲೆಪುರಿ ತಿಂದೆ.

ಸ್ವಲ್ಪ ಹೊತ್ತಾದ ಮೇಲೆ ಎದ್ದು ನೋಡಿದರೆ ತಲೆ ಹಳದಿ, ಬೆನ್ನು ಹಳದಿ, ಬಾಲ ಹಳದಿ. ಒಂದೊಂದು ಇಲಿಯದೂ. ಕಿವಿ ಹಳದಿ, ಮೀಸೆ ಹಳದಿ. ಮದುವೆಗೆ ಎಣ್ಣೆ ಅರಿಶಿನ ಶಾಸ್ತ್ರ ಮಾಡಿ ಕೂರಿಸಿದ ಹದಿನೆಂಟು ಮದುಮಕ್ಕಳು.

ನೀರಿನದು ಯಾವುದು, ಆಸ್ಪಿರಿನ್ನಿನದು ಯಾವುದು, ಅಕ್ಕನದು ಯಾವುದು, ಒಂದೂ ತಿಳಿಯುವಂತಿರಲಿಲ್ಲ.

ಒಳ್ಳೆಯ ಬುದ್ಧಿ ಇದ್ದವನು ಅಲ್ಲಿಗೇ ಬಿಡುತ್ತಿದ್ದ. ಹಾಗೆಯೇ ಬಿಟ್ಟಿದ್ದರೆ ಡಾಕ್ಟ್ರು ಬಂದು ಹೇಗೋ ಪತ್ತೆ ಮಾಡುತ್ತಿದ್ದರೋ ಏನೋ. ನಾನು ಬಕೆಟ್ಟಿಗೆ ನೀರು ಹಿಡಿದೆ, ಬಟ್ಟೆ ಸೋಪು ತಂದೆ. ಒಂದು ಇಲಿಯನ್ನು ಹಿಡಿದು ಸೋಪು ಉಜ್ಜಿದೆ. ಅದು ಕೆಂಪಗಾಯಿತು! ಅರಿಶಿನಕ್ಕೆ ಸುಣ್ಣ ಬಿದ್ದರೆ ಓಕುಳಿಯಾಗುವುದನ್ನು ಹುಟ್ಟಿದಾಗಿನಿಂದ ನೋಡಿದವನು ನಾನು. ಸೋಪಿಗೂ ಹಾಗೇ ಆಗುತ್ತದೆಂದು ಆ ಹೊತ್ತಿಗೆ ಹೊಳೆಯಲಿಲ್ಲ. ಕೈಯಲ್ಲಿ ಕೆಂಪು ಇಲಿ ಹಿಡಿದುಕೊಂಡು, ರಕ್ತವೇ ಬಂತೆಂದು ತಿಳಿದು, ನಾನು ಕೂಗಿದ್ದಕ್ಕೆ ಅದೂ ಹೆದರಿ ನನ್ನ ಹೆಬ್ಬೆರಳು ಕಚ್ಚಿತು. ಆಗ ನಿಜವಾದ ರಕ್ತವೂ ಬಂತು.

ತೊಳೆದೆ, ಜಾಲಿಸಿದೆ, ಮತ್ತೆ ತೊಳೆದೆ. ತೊಳೆದವನ್ನೆಲ್ಲ ಒಂದೇ ದೊಡ್ಡ ಮರದ ಪೆಟ್ಟಿಗೆಗೆ ಹಾಕಿ ಹೊರಗೆ ಬಿಸಿಲಿನಲ್ಲಿಟ್ಟೆ. ಇದು ಎರಡನೇ ಜಾಣತನ, ಏಕೆಂದರೆ ಯಾವ ಇಲಿ ಯಾವ ಗೂಡಿನದೆಂಬುದೂ ಅಲ್ಲಿಗೆ ಹೋಯಿತು. ಬಿಸಿಲಿಗೆ ಅರಿಶಿನ ಮಾಸುತ್ತದೆಂದು ಅಕ್ಕ ಯಾವಾಗಲೂ ಹೇಳುತ್ತಿದ್ದದ್ದು ನಿಜವಾಯಿತು. ಮಧ್ಯಾಹ್ನದ ಹೊತ್ತಿಗೆ ಇಲಿಗಳು ಹೆಚ್ಚುಕಡಿಮೆ ಬೆಳ್ಳಗಾದವು. ಒಂಬತ್ತು ದಿನದ ಹಿಂದೆ ಡಾಕ್ಟ್ರು ಹಾಕಿದ್ದ ಗುರುತು ಮೊದಲೇ ಮಾಸಿತ್ತು, ನನ್ನ ಸೋಪಿನ ಕೈಯಲ್ಲಿ ಅದೂ ಹೋಗಿತ್ತು. ಎಲ್ಲಾದರೂ ಒಂದಿಷ್ಟು ಹಳದಿ ಉಳಿದಿದ್ದರೆ, ಅದು ಬಣ್ಣವೋ ಅಕ್ಕನ ಅರಿಶಿನವೋ ದೇವರಿಗೇ ಗೊತ್ತು.

ಆಮೇಲೆ ನಾನು ಮಾಡಿದ್ದನ್ನು ಹೇಳುವುದಕ್ಕೆ ಇಷ್ಟು ವರ್ಷವಾದ ಮೇಲೂ ನಾಚಿಕೆಯಾಗುತ್ತದೆ. ಪೆಟ್ಟಿಗೆಯ ಮುಂದೆ ಕುಕ್ಕರಗಾಲಲ್ಲಿ ಕೂತು ಒಂದೊಂದು ಇಲಿಯನ್ನೂ ಎತ್ತಿ ಮೂಸಿ ನೋಡಿದೆ. ಲಕ್ಕಿ ಸೊಪ್ಪಿನ ವಾಸನೆ ಬಂದದ್ದು ಅಕ್ಕನದು ಎಂದು ನನ್ನ ಲೆಕ್ಕ. ಎಲ್ಲವೂ ಸೋಪಿನ ವಾಸನೆ. ಚೊಂಬನ್ನು ಮೂತಿಯ ಹತ್ತಿರ ಹಿಡಿದೆ, ಕಹಿಯ ರುಚಿ ಕಂಡ ಇಲಿ ಮುಖ ಮುದುಡೀತು ಎಂದು. ಹದಿನೆಂಟೂ ಮುದುಡಿದವು. ಒಂದನ್ನು ಮಾತ್ರ ಗ್ಯಾರಂಟಿಯಾಗಿ ಗುರುತು ಹಿಡಿದೆ: ಅಕ್ಕನ ಇಲಿಗಳಲ್ಲಿ ಒಂದರ ಕಿವಿ ಹರಿದಿತ್ತು. ಉಳಿದ ಹದಿನೇಳಕ್ಕೆ ಬಣ್ಣದ ಸೀಸೆ ತೆಗೆದು, ಇದು ನೀರಿನದಿರಬಹುದು, ಇದು ಆಸ್ಪಿರಿನ್ನಿನದಿರಬಹುದು ಎಂದು ಅಂದಾಜಿನ ಮೇಲೆ ಚುಕ್ಕೆ ಇಟ್ಟೆ. ಅಂದಾಜು ಎನ್ನುವುದೂ ದೊಡ್ಡ ಮಾತು, ಕವಡೆ ಹಾಕಿದ ಹಾಗೆ ಇಟ್ಟೆ. ಮಾರನೆಯ ದಿನ ಆ ಚುಕ್ಕೆ ನೋಡಿಯೇ ಮದ್ದು ಹಾಕಿದೆ.

ಹನ್ನೊಂದನೇ ದಿನ ಡಾಕ್ಟ್ರು ಬಂದರು. ಗೂಡುಗಳನ್ನು ನೋಡಿ ಕನ್ನಡಕ ಮೂಗಿನ ಮೇಲೆ ಇಳಿಸಿದರು.

"ಗುರುತು ಏನೋ ಹೊಸದಾಗಿ ಕಾಣ್ತಿದೆಯಲ್ಲ?"

ಇದೋ, ಇಲ್ಲಿ ಹೇಳಬೇಕಾಗಿತ್ತು. ಬಾಯಿ ಕೂಡ ತೆರೆದಿದ್ದೆ.

"ಮಾಸಿತ್ತು ಸಾರ್. ತಿದ್ದಿದೆ."

"ಭೇಷ್! ಇಂಥ ಜವಾಬ್ದಾರಿ ಇರಬೇಕು ನೋಡು" ಎಂದು ಬೆನ್ನು ತಟ್ಟಿದರು.

ಅವರು ತಟ್ಟಿದ ಜಾಗ ನನಗೆ ಬಹಳ ದಿನ ಉರಿಯುತ್ತಿತ್ತು.

ಬೆಳಿಗ್ಗೆ ಎಲ್ಲಕ್ಕೂ ಕೊನೆಯ ಸಲ ಮದ್ದು ಹಾಕಿದೆವು. ಒಂದು ಗಂಟೆ ಬಿಟ್ಟು ಹಿಂಗಾಲಿಗೆ ಮೊಟ್ಟೆಯ ಬಿಳಿ ಲೋಳೆಯನ್ನು ಚುಚ್ಚಿದೆವು. ಅದಕ್ಕೆ ಪಾದ ಊದಿಕೊಳ್ಳುತ್ತದೆ. ಮೊಟ್ಟೆಯ ಬಿಳಿ ಭಾಗ ಇಲಿಗೆ, ಹಳದಿ ಭಾಗ ನನಗೆ ಎಂಬುದು ಲ್ಯಾಬಿನ ಪದ್ಧತಿ, ಪರೀಕ್ಷೆಯ ದಿನಗಳಲ್ಲಿ ಹುರಿದ ಹಳದಿಯೇ ನನ್ನ ತಿಂಡಿ. ಅವತ್ತು ತಿನ್ನಲಿಲ್ಲ. ಊದಿದ ಪಾದವನ್ನು ಪಾದರಸ ತುಂಬಿದ ಗಾಜಿನ ಕೊಳವೆಯಲ್ಲಿ ಅದ್ದಿದರೆ ಪಾದರಸ ಮೇಲೇರುತ್ತದೆ, ಊತ ಹೆಚ್ಚಾದಷ್ಟೂ ಏರುತ್ತದೆ. ನಾನು ಅದ್ದುತ್ತಿದ್ದೆ, ಡಾಕ್ಟ್ರು ಓದಿ ಬರೆಯುತ್ತಿದ್ದರು. ಬೆನ್ನು ಹಳದಿ ಇಲಿಗಳಲ್ಲಿ ಊತ ಕಡಿಮೆ. ಆಸ್ಪಿರಿನ್ ಅಕ್ಕ ಹೇಳಿದ ಹಾಗೆ ಆಳು, ಯಾವ ಇಲಿಯಾದರೇನು, ಬೆಳಿಗ್ಗೆ ಕರೆದ ತಕ್ಷಣ ಬಂದು ಕೆಲಸ ಮಾಡಿತ್ತು. ಬಾಲ ಹಳದಿ ಇಲಿಗಳಲ್ಲಿ ಊತ ನೀರಿನ ಇಲಿಗಳಷ್ಟೇ. ಕಡಿಮೆ ಆಗುವುದಾದರೂ ಹೇಗೆ? ಹತ್ತು ದಿನ ಕರೆಸಿಕೊಳ್ಳಬೇಕಾದ ನೆಂಟರನ್ನು ಅವುಗಳಲ್ಲಿ ಎಷ್ಟೋ ಇಲಿಗಳು ಎರಡೇ ದಿನ ಕರೆದಿದ್ದವು.

ಹರಿದ ಕಿವಿಯದು ಕೊನೆಗೆ ಬಂತು. ಅದರ ಪಾದ ಅದ್ದಿದೆ. ಪಾದರಸ ಅರ್ಧಕ್ಕೇ ನಿಂತಿತು.

"ಇದೊಂದು ಪರವಾಗಿಲ್ಲ" ಎಂದರು ಡಾಕ್ಟ್ರು. "ಆದರೆ ಒಂದು ಇಲಿಯಿಂದ ಏನೂ ಹೇಳೋಕಾಗಲ್ಲ."

ಅವರ ಮಾತು ಸರಿ. ಒಂದು ಇಲಿಯಿಂದ ಏನೂ ಹೇಳುವುದಕ್ಕಾಗುವುದಿಲ್ಲ. ಅಕ್ಕನ ಕಷಾಯ ಹಿಡಿಯುತ್ತಿತ್ತೋ ಇಲ್ಲವೋ ನನಗೆ ಇವತ್ತಿಗೂ ಗೊತ್ತಿಲ್ಲ. ಗೊತ್ತಾಗಬಹುದಾಗಿದ್ದ ದಾರಿಯಲ್ಲಿ ಅಡ್ಡ ಕೂತು ಓಕುಳಿ ಆಡಿದವನು ನಾನು, ಅದು ಮಾತ್ರ ಗೊತ್ತು.

ಸಂಜೆ ಡಾಕ್ಟ್ರು ಕೂಡಿ ಕಳೆದು ಪುಸ್ತಕ ಮುಚ್ಚಿದರು. "ನಿಮ್ಮಕ್ಕಂಗೆ ಬೇಜಾರು ಮಾಡಬೇಡ ಅಂತ ಹೇಳು. ನಮ್ಮ ಪರೀಕ್ಷೇಲಿ ಕಷಾಯಕ್ಕೂ ನೀರಿಗೂ ವ್ಯತ್ಯಾಸ ಕಾಣಲಿಲ್ಲ."

ಹೆಬ್ಬಾಳದಿಂದ ಮನೆಯವರೆಗೆ ಸೈಕಲ್ ತುಳಿಯುತ್ತಾ ಹತ್ತು ರೀತಿಯಲ್ಲಿ ಮಾತು ಜೋಡಿಸಿದೆ. ಅಕ್ಕ ಬಾಗಿಲಲ್ಲೇ ನಿಂತಿದ್ದಳು, ಮೂಲೆ ಮನೆ ಅಜ್ಜಿಯೂ ಇದ್ದಳು. ಇಬ್ಬರ ಮುಖವನ್ನೂ ನೋಡದೆ ಚೊಂಬನ್ನು ಹ್ಯಾಂಡಲಿನಿಂದ ಬಿಚ್ಚುತ್ತಾ, "ನೀರೂ ಅದೂ ಒಂದೇ ಅಂತೆ" ಎಂದೆ.

ಅಕ್ಕ ಚೊಂಬನ್ನು ನನ್ನ ಕೈಯಿಂದ ತೆಗೆದುಕೊಂಡಳು. "ಹದಿನೆಂಟೂ ಅಂಗೇ ಏಳಿದ್ವಾ?"

"ಊಂ."

"ಸರಿ. ಮಾತು ಅಂದ್ರೆ ಮಾತು" ಎಂದು ಒಳಗೆ ಹೋಗಿ ಮಡಕೆ ತೊಳೆದು ಹಿತ್ತಲ ಗೋಡೆಯ ಪಕ್ಕ ಬೋರಲು ಹಾಕಿದಳು. ಮಾರನೆಯ ವಾರವೇ ಒಂದು ಕೋಳಿ ಅದರ ಮೇಲೆ ಹತ್ತಿ ಕೂರುವ ಅಭ್ಯಾಸ ಮಾಡಿಕೊಂಡಿತು.

ಭಾನುವಾರ ಬಂದವರಿಗೆಲ್ಲ ಅಕ್ಕ ಎದೆ ಸೆಟೆಸಿಯೇ ಹೇಳುತ್ತಿದ್ದಳು. "ಇಲಿಗೆ ಇಡೀಲಿಲ್ಲ ಕಣಮ್ಮ. ಪರೀಕ್ಸೆ ಆಗೈತೆ. ಮಾತ್ರೆ ನುಂಗು, ನಮ್ ಉಡುಗ ತಂದುಕೊಡ್ತಾನೆ." ಕೆಲವರು ವಾದ ಮಾಡಿದರು, ಇಲಿ ಕುಡಿದ ಕಷಾಯ ಬೇರೆ, ನಾವು ಕುಡಿದದ್ದು ಬೇರೆ ಎಂದರು. "ನಾನೇ ಕಾಯ್ಸಿದ್ದು" ಎಂದು ಅಕ್ಕ ಅವರ ಬಾಯಿ ಮುಚ್ಚಿಸಿದಳು. ನಿಧಾನವಾಗಿ ಜಗಲಿ ಖಾಲಿಯಾಯಿತು. ಮೂಲೆ ಮನೆ ಅಜ್ಜಿ ಮಾತ್ರ ಕೋಲೂರಿಕೊಂಡು ಬಂದು, ಮಡಕೆಯ ಮೇಲಿನ ಕೋಳಿಯನ್ನು ನೋಡಿ ಬೈದು ಹೋಗುತ್ತಿದ್ದಳು.

ಮುಂದಿನ ವರ್ಷ ನನ್ನ ಕೆಲಸ ಖಾಯಂ ಆಯಿತು. ಡಾಕ್ಟ್ರು ಬೇರೆ ಊರಿಗೆ ವರ್ಗವಾದರು. ಹೋಗುವ ದಿನ ಅವರ ಟ್ರಂಕು ಹೊತ್ತು ಗಾಡಿಗೆ ಇಟ್ಟವನು ನಾನೇ. ಅವತ್ತಾದರೂ ಹೇಳಬಹುದಾಗಿತ್ತು. ಕನ್ನಡಕ ಎಲ್ಲಿ ಎಂದು ಹುಡುಕುತ್ತಿದ್ದರು, ಹಣೆಯ ಮೇಲಿದೆ ಸಾರ್ ಎಂದೆ. ಹೇಳಿದ್ದು ಅಷ್ಟೆ.

ನಾಲ್ಕನೇ ವರ್ಷ ಅಕ್ಕನ ಮಂಡಿಯೇ ಊದಿತು. ಬಾವಿಕಟ್ಟೆಯಲ್ಲಿ ಜಾರಿದ್ದು ನೆಪ. ನಾನು ಲ್ಯಾಬಿನ ಹತ್ತಿರದ ಅಂಗಡಿಯಿಂದ ಆಸ್ಪಿರಿನ್ ಮಾತ್ರೆ ತಂದುಕೊಟ್ಟೆ. ನೋವು ಇಳಿಯುತ್ತಿತ್ತು, ಆದರೆ ಅವಳಿಗೆ ಹೊಟ್ಟೆ ಉರಿ ಶುರುವಾಯಿತು. ಮುದ್ದೆ ಅರ್ಧಕ್ಕೇ ಬಿಟ್ಟು ಹೊಟ್ಟೆ ಹಿಡಿದುಕೊಂಡು ಕೂರುತ್ತಿದ್ದಳು.

"ನಿನ್ ಕಷಾಯನೇ ಒಂದ್ ವಾರ ಕುಡುದು ನೋಡಕ್ಕ" ಎಂದೆ ಒಂದು ದಿನ, ಎಲ್ಲೋ ನೋಡುತ್ತಾ.

"ನಿಂಗೇನ್ ತಲೆ ಕೆಟ್ಟೈತಾ? ನೀರ್ ಕುಡುದ್ರೆ ಮಂಡಿ ಇಳೀತದಾ? ಇಲಿಗೆ ಇಡೀದಿದ್ದು ನಂಗೆ ಇಡೀತದಾ? ಇಲಿಗಿಂತ ನಾನ್ ಎಚ್ಚಾ?"

ಬೇಲಿಯಲ್ಲಿ ಲಕ್ಕಿ ಗಿಡ ಆಳೆತ್ತರ ಬೆಳೆದು ನೀಲಿ ಹೂ ಬಿಟ್ಟಿತ್ತು. ಅಕ್ಕ ಮಾತ್ರೆಯ ಪೊಟ್ಟಣ ಬಿಚ್ಚಿ, ಒಂದು ಕೈಯಿಂದ ಹೊಟ್ಟೆ ಒತ್ತಿಕೊಂಡು, ಇನ್ನೊಂದರಿಂದ ಮಾತ್ರೆಯನ್ನು ಬಾಯಿಗೆ ಹಾಕಿಕೊಂಡಳು. ಮುಖ ಮುದುಡಿತು. ಹದಿನೆಂಟು ಇಲಿಗಳ ಮುಖವೂ ನನ್ನ ಕಣ್ಣ ಮುಂದೆ ಬಂತು.

ಅಲ್ಲೇ ಅವಳ ಮುಂದೆ ಕುಕ್ಕರಗಾಲಲ್ಲಿ ಕೂತೆ. ಎಲ್ಲವನ್ನೂ ಹೇಳಿದೆ. ತಂಬಿಗೆ, ಮಾವಿನ ಸೊಪ್ಪು, ಮದುಮಕ್ಕಳ ಹಾಗಾದದ್ದು. ಸೋಪು ಹಚ್ಚಿ ಕೆಂಪಗಾದದ್ದು, ನಾನು ಕೂಗಿದ್ದು, ಅದು ಕಚ್ಚಿದ್ದು. ಹೆಬ್ಬೆರಳಿನ ಕಲೆ ತೋರಿಸಿದೆ. ಕತೆ ಕೆಂಪು ಇಲಿಯ ಹತ್ತಿರ ಬರುವಾಗ ಅಕ್ಕನ ಹೆಗಲು ಅಲುಗಾಡಲು ಶುರುವಾಯಿತು. ಮೂಸಿ ನೋಡಿದ್ದನ್ನು ಹೇಳಿದಾಗ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು, ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು.

"ಮೂಸ್ ನೋಡ್ದಾ? ಒಂದೊಂದ್ನೂವಾ? ಅಯ್ಯೋ ನನ್ ಬೆಪ್ಪೆ!"

ನಾನೂ ನಕ್ಕೆ. ಇಷ್ಟಕ್ಕೆ ನಾಲ್ಕು ವರ್ಷ ಹೆದರಿದೆನಲ್ಲ, ಮುಗಿಯಿತಲ್ಲ ಎನ್ನಿಸಿತು. ಅಕ್ಕ ಕಣ್ಣೊರಸಿಕೊಂಡಳು. ಹಿತ್ತಲ ಬಾಗಿಲಿನಿಂದ ಆಚೆ ಮಡಕೆ ಕಾಣುತ್ತಿತ್ತು. ಅದನ್ನೇ ನೋಡುತ್ತಾ ಕೇಳಿದಳು.

"ಅಂಗಾದ್ರೆ ಇಲಿಗಳು ಏನೂ ಏಳ್ಲೇ ಇಲ್ಲ?"

"ಇಲ್ಲ."

"ಓದ್ ವರ್ಸ ಮೂಲೆ ಮನೆ ಅಜ್ಜಿ ಸಾಯಾಕ್ ಮುಂಚೆ, ಕೋಲೂರ್ಕೊಂಡು ಬಂದಿತ್ತು. ಒಂದೇ ಒಂದ್ ಲೋಟ ಕಾಯ್ಸಿಕೊಡೆ, ಕೆರೆಗಂಟ ನಡ್ಕೊಂಡೋಗಿ ನೋಡ್ಕಂಡ್ ಬತ್ತೀನಿ ಅಂತು. ಇಲಿಗೆ ಇಡೀಲಿಲ್ಲ ಓಗಜ್ಜಿ ಅಂತ ಬಾಗ್ಲಿಂದ್ಲೇ ಕಳಿಸ್ಬಿಟ್ಟೆ ಕಣ್ಲಾ."

ನಗು ಎಲ್ಲಿತ್ತೋ ಅಲ್ಲೇ ಸತ್ತಿತು. ಅಕ್ಕನ ಊದಿದ ಮಂಡಿಯ ಮೇಲೆ ಕೈಯಿಟ್ಟೆ, ಬಿಸಿಯಾಗಿತ್ತು.

"ತಪ್ಪಾಯ್ತು ಕಣಕ್ಕ" ಎಂದೆ. "ಇಲಿ ಸುಳ್ ಏಳ್ಲಿಲ್ಲ, ನಾನ್ ಏಳ್ದೆ. ನಿನ್ ಕಷಾಯನ ನೀರು ಅಂದೋನೂ ನಾನೇ, ಅಜ್ಜೀನ ಬಾಗ್ಲಿಂದ ಕಳಿಸ್ದೋನೂ ನಾನೇ. ಕೆಲ್ಸ ಓದಾತು ಅಂತ ಎದ್ರಿ ನಿನ್ ಮಡಕೆ ಬೋರ್ಲು ಆಕ್ಸಿದೆ. ನನ್ ತಪ್ಪಾಯ್ತು ಅಕ್ಕ."